ಜೋಳದ ಕೋಣೆಗೆ ಬಂದ ತಂತಿ

ಮನೀಷಾಳ ಬೆರಳುಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹುಮನಾಬಾದಿನಲ್ಲಿ ಕಾಲೇಜು ಓದುವಾಗ ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ತರಗತಿಗೆ ಹೋಗಿ ಕಲಿತ ಚಟ ಅದು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೂ ನಾದಿದ ಹಿಟ್ಟಿನ ಮೇಲೆ, ತುಂಬಿದ ಕೊಡದ ಕಂಠದ ಮೇಲೆ, ಮಲಗಿದಾಗ ಹೊದಿಕೆಯ ಅಂಚಿನ ಮೇಲೆ ಬೆರಳುಗಳು ತಾವಾಗಿಯೇ ಅಕ್ಷರ ಹುಡುಕುತ್ತಿದ್ದವು. ಗಂಡ ಗುರುನಾಥ ನಗುತ್ತಿದ್ದ. "ನಿನ್ನ ಕೈಗೆ ಏನರೆ ಕೊಡಬೇಕವಾ, ಇಲ್ಲಂದ್ರ ನನ್ನ ಬೆನ್ನ ಮ್ಯಾಲೆ ಪತ್ರ ಬರೀತಿ."

ಕೆಲಸ ಕೊಟ್ಟವಳು ಗೆಳತಿ ಸುಜಾತಾ. ಹುಮನಾಬಾದಿನಲ್ಲಿ ಅವಳದೊಂದು ಕನ್ನಡ ಟೈಪಿಂಗ್ ಅಂಗಡಿ. ಕೈಬರಹದ ಹಾಳೆಗಳ ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಕಳಿಸುವಳು. ಮನೀಷಾ ಟೈಪು ಮಾಡಿ ಅದೇ ದಾರಿಯಲ್ಲಿ ತಿರುಗಿ ಕಳಿಸಬೇಕು. ಲಗ್ನಪತ್ರಿಕೆಗಳಿಂದ ಶುರುವಾದದ್ದು ಈಗ ಒಂದು ಕಾಲೇಜಿನ ಸ್ಮರಣ ಸಂಚಿಕೆಯವರೆಗೆ ಬಂದಿತ್ತು. ಟೈಪು ಮಾಡಿದವಳ ಹೆಸರು ಒಳಪುಟದಲ್ಲಿ ಅಚ್ಚಾಗುತ್ತದೆ ಎಂದು ಸುಜಾತಾ ಹೇಳಿದ ದಿನ ಮನೀಷಾಗೆ ಊಟ ಸೇರಲಿಲ್ಲ.

ಆದರೆ ಕಂಪ್ಯೂಟರ್ ಇದ್ದದ್ದು ಮಂದಿ ಬಂದು ಕೂರುವ ಮುಂದಿನ ಬೈಠಕ್‌ನಲ್ಲಿ. ಟೆಲಿಫೋನ್ ಅಲ್ಲಿ, ಅದರ ಪಕ್ಕ ಮಿಣುಕುವ ಮೋಡೆಮ್ ಅಲ್ಲಿ, ಮೋಡೆಮ್‌ನ ಮೊಳದುದ್ದದ ತಂತಿಗೆ ಕಟ್ಟಿಹಾಕಿದಂತೆ ಕಂಪ್ಯೂಟರೂ ಅಲ್ಲಿ. ಅದರ ಎದುರಿನ ಮಂಚದ ಮೇಲೆ ಮಾವ ವೀರಭದ್ರಪ್ಪ. ಸಂಜೆಯಾದರೆ ಕೊಹಿನೂರ, ಹುಡಗಿ ಊರುಗಳ ಕಡೆಯ ರೈತರೂ ದಲಾಲರೂ ಕಂಪ್ಯೂಟರಿನಲ್ಲಿ ತೊಗರಿಯ ರೇಟು ನೋಡಲು ಬಂದು ಕೂರುತ್ತಿದ್ದರು. ಮಾವನೆದುರು ಸೊಸೆ ಕುರ್ಚಿಯ ಮೇಲೆ ಕೂರುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮನೀಷಾ ಸೆರಗು ತಲೆಯ ಮೇಲೆಳೆದುಕೊಂಡು ನಿಂತೇ ಟೈಪು ಮಾಡುತ್ತಿದ್ದಳು. ಯಾರಾದರೂ ಚಪ್ಪಲಿ ಬಿಟ್ಟ ಸದ್ದಾದರೆ ಒಳಗೆ ಸರಿಯುತ್ತಿದ್ದಳು. ಅರ್ಧ ವಾಕ್ಯ ಪರದೆಯ ಮೇಲೆ ಅವಳಿಗಾಗಿ ಕಾಯುತ್ತ ನಿಂತಿರುತ್ತಿತ್ತು.

"ಹಿಂಗಾದ್ರ ಹ್ಯಾಂಗ?" ಫೋನಿನಲ್ಲಿ ಸುಜಾತಾ ಸಿಡುಕಿದಳು. "ಶನಿವಾರ ಅಚ್ಚಿಗೆ ಹೋಗಬೇಕು. ಆಗೋದಿಲ್ಲಂದ್ರ ಈಗೇ ಹೇಳು, ಬ್ಯಾರೆಯವರಿಗೆ ಕೊಡ್ತೀನಿ."

"ಕೊಡಬ್ಯಾಡ," ಎಂದಳು ಮನೀಷಾ. ಅಂದದ್ದು ತನ್ನದೇ ದನಿಯೇ ಎಂದು ಅವಳಿಗೇ ಅನುಮಾನ ಬರುವಷ್ಟು ಗಟ್ಟಿಯಾಗಿ.

ಅಂದೇ ಗಂಡನ ಬೆನ್ನು ಹತ್ತಿದಳು. ಬೈಠಕ್‌ನ ಗೋಡೆಗೆ ಹತ್ತಿಕೊಂಡೇ ಜೋಳದ ಚೀಲಗಳ ಕೋಣೆ ಇತ್ತು. ಮೋಡೆಮ್ ಇದ್ದಲ್ಲೇ ಇರಲಿ, ಉದ್ದನೆಯ ತಂತಿ ಎಳೆದು ಕಂಪ್ಯೂಟರನ್ನು ಆ ಕೋಣೆಯಲ್ಲಿಟ್ಟರೆ ಆಯಿತು. ವೀರಭದ್ರಪ್ಪ ಕೇಳಿ ಮೀಸೆ ತಿರುವಿದರು.

"ಮತ್ತ ರೇಟು? ಮಂದಿ ಜೋಳದ ಚೀಲದ ಮ್ಯಾಲೆ ಕುಂದ್ರಬೇಕೇನು?"

"ನೀವು ಕೇಳ್ರಿ ಅಪ್ಪಾ, ಒಳಗಿಂದ ನೋಡಿ ಹೇಳ್ತಾರ," ಎಂದ ಗುರುನಾಥ. ಯಾರು ಹೇಳುತ್ತಾರೆ ಎಂಬುದನ್ನು ಅವನು ಜಾಣತನದಿಂದ ನುಂಗಿದ.

"ನೋಡೋಣ. ಆದ್ರ ಮಂದಿ ಕುಂತಾಗ ನೆಟ್ ಹೋಯ್ತಂದ್ರ ಪರೇಶಾನ್ ಮಾಡಬ್ಯಾಡ್ರಿ. ಎತ್ತಿ ತಂದು ಇಲ್ಲೇ ಇಡ್ರಿ."

ಗೋಡೆ ಕೆಂಪು ಕಲ್ಲಿನದು, ಮೊಳಕ್ಕೂ ಮಿಕ್ಕಿದ ದಪ್ಪ. ಕೊರೆಯುವ ಯಂತ್ರದ ಮೂತಿ ಅರ್ಧಕ್ಕೇ ಸೋತಿತು. ನಡುವಿನ ಬಾಗಿಲ ಹೊಸ್ತಿಲಿಗೆ ಅತ್ತೆ ರುಕ್ಮಿಣಿಬಾಯಿ ದಿನವೂ ಅರಿಷಿಣ ಹಚ್ಚುತ್ತಿದ್ದರು. ಅದರ ಮೇಲೆ ತಂತಿ ಹಾಯಿಸುವ ಮಾತನ್ನು ಯಾರೂ ಆಡಲಿಲ್ಲ. ಕೊನೆಗೆ ತಂತಿ ಬೈಠಕ್‌ನ ಕಿಟಕಿಯಿಂದ ಹೊರಬಿದ್ದು, ಅಂಗಳ ಸುತ್ತಿ, ಹಿತ್ತಿಲ ಬಾಗಿಲಿಂದ ಮತ್ತೆ ಮನೆಯೊಳಗೆ ಬಂದು ಜೋಳದ ಕೋಣೆ ಸೇರಿತು. ಪರದೆಯ ಮೇಲೆ ಸುಜಾತಾಳ ಹಾಳೆ ಮೂಡಿದಾಗ ಮನೀಷಾ ಕುರ್ಚಿ ಎಳೆದುಕೊಂಡು ಕೂತಳು. ಕೂತು ಒಂದು ಗಳಿಗೆ ಏನೂ ಮಾಡಲಿಲ್ಲ. ಜೋಳದ ಧೂಳಿನ ವಾಸನೆ. ಬೆರಳುಗಳಿಗೂ ಒಂದು ಕ್ಷಣ ಗಾಬರಿ.

ಆ ಸಂಜೆ ಮಂದಿ ಬಂದು ಕೂತರು. ನೆಟ್ ಹೋಯಿತು.

ಬೆಳಿಗ್ಗೆ ತಾನಾಗಿಯೇ ಬಂತು. ಮರುದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮತ್ತೆ ಹೋಯಿತು. ಗುರುನಾಥ ಟೆಲಿಫೋನಿನ ಲೈನ್‌ಮನ್ ನರಸಿಂಗನನ್ನು ಕರೆತಂದ. ಅವನು ಬಂದದ್ದು ಹಗಲಿನಲ್ಲಿ; ಎಲ್ಲ ಚೆನ್ನಾಗಿತ್ತು.

"ಲೈನ್ ಖರೇನೇ ಬರೋಬ್ಬರಿ ಅದರಿ," ಎಂದ ನರಸಿಂಗ, ಚಹಾದ ಬಟ್ಟಲು ಕೆಳಗಿಡುತ್ತ. "ಸಂಜಿಕ ಎಲ್ಲಾರೂ ನೆಟ್ ಹಚ್ಚತಾರ. ಭಾರ ಆಗತದ ಕಾಣತದ."

ವೀರಭದ್ರಪ್ಪ ಮಂಚದ ಎದುರಿನ ಖಾಲಿ ಮೇಜನ್ನು ಪಂಚೆಯ ತುದಿಯಿಂದ ಒಮ್ಮೆ ಒರೆಸಿದರು, ಅಷ್ಟೆ. ಅದರ ಅರ್ಥ ಮನೀಷಾಗೆ ತಿಳಿಯಿತು. ನಾಳೆ ಕಂಪ್ಯೂಟರ್ ತಿರುಗಿ ಬೈಠಕ್‌ಗೆ ಹೋದರೆ ಸಂಚಿಕೆಯೂ ಹೋಯಿತು, ಸುಜಾತಾಳ ಭರವಸೆಯೂ ಹೋಯಿತು. ಮತ್ತೆ ಕಾಲು ನೋಯುವವರೆಗೆ ನಿಲ್ಲುವುದು, ಚಪ್ಪಲಿಯ ಸದ್ದಿಗೆ ಓಡುವುದು.

ಮರುದಿನ ಸಂಜೆ ಅವಳು ಒಲೆಯ ಕಡೆ ಹೋಗದೆ ಪರದೆಯ ಮುಂದೆಯೇ ಕೂತಳು. ಹೊರಗೆ ಬೆಳಕು ಇಳಿಯುತ್ತಿತ್ತು. ಅತ್ತೆ ಬತ್ತಿ ಹೊಸೆಯುತ್ತಿದ್ದಾರೆ, ಎಣ್ಣೆ ಹಾಕಿದರು, ಕಾಲುಂಗುರದ ಸದ್ದು ಹಿತ್ತಿಲ ಕಡೆ ಹೋಯಿತು. ಹಳೆಯ ಬಾಗಿಲು ಧಡ್ ಎಂದು ಮುಚ್ಚಿ ಚಿಲಕ ಬಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮೂಡಿತು.

ಮುಂಬಾಗಿಲಿಂದ ಲಕ್ಷ್ಮಿ ಬರುವ ಹೊತ್ತು. ಹಿಂಬಾಗಿಲು ತೆರೆದಿದ್ದರೆ ಬಂದವಳು ಹಾಗೇ ಹೊರಟುಹೋಗುತ್ತಾಳೆ. ಅದಕ್ಕೆಂದು ಈ ಮನೆಯಲ್ಲಿ ದೀಪಕ್ಕೆ ಮುಂಚೆ ಹಿತ್ತಿಲ ಬಾಗಿಲು ಮುಚ್ಚುತ್ತಿದ್ದರು. ಹುಮನಾಬಾದಿನ ತವರಿನಲ್ಲೂ ಅದೇ ಪದ್ಧತಿ. ಆದರೂ ತಂತಿ ಹಾಯಿಸುವಾಗ ಮನೆಯಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಮನೀಷಾ ಹೋಗಿ ನೋಡಿದಳು. ಬಾಗಿಲ ಕೆಳಗೆ ತಂತಿ ಚಪ್ಪಟೆಯಾಗಿ ಕಚ್ಚಿಕೊಂಡಿತ್ತು.

ಹೇಳುವುದು ಹೇಗೆ? ಅತ್ತೆಯ ಕೈಯನ್ನೇ ಬೊಟ್ಟು ಮಾಡಿ ತೋರಿಸಿದಂತಾಗುತ್ತದೆ. ಅಡುಗೆಮನೆಗೂ ಹಿತ್ತಿಲಿಗೂ ಎರಡು ಸಲ ಓಡಾಡಿದಳು. ಕೊನೆಗೆ ಅತ್ತೆಯನ್ನು ಜೋಳದ ಕೋಣೆಗೆ ಕರೆದು ಹೇಳಿಬಿಟ್ಟಳು.

"ಹಂಗಾದ್ರ ನೆಟ್ ಕೆಡಿಸಿದಾಕಿ ನಾನೇ ಅಂತಿ?" ರುಕ್ಮಿಣಿಬಾಯಿ ಸೊಂಟದ ಮೇಲೆ ಕೈಯಿಟ್ಟರು.

"ಹಂಗಲ್ರಿ ಅತ್ತಿ..."

"ಬಾಗಲಾ ತೆರದು ಇಡಂತಿ?"

"ಅದೂ ಅಲ್ರಿ."

ರುಕ್ಮಿಣಿಬಾಯಿ ಚೀಲಗಳ ನಡುವಿನ ಕುರ್ಚಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಮೊಳಕಾಲು ಒತ್ತಿಕೊಳ್ಳುತ್ತ ಚೀಲದ ಮೇಲೆ ಕೂತರು.

"ಇವು ಹ್ಯಾಂಗ ಹೋದವು, ಮಾಲೂಮ ಏನು? ನಮ್ಮ ಮಾವನ ಮುಂದ ನಿಂತು ನಿಂತು. ಅವರು ಉಂಡು ಏಳೋತನಾ ನಿಂದ್ರಬೇಕು, ಬಂದವರು ಹೋಗೋತನಾ ನಿಂದ್ರಬೇಕು." ಗೋಡೆಯ ಕಡೆ ಗದ್ದ ಎತ್ತಿದರು. "ದೀಪದ ಮಾಡ ಅದಲ್ಲ ಆ ಕಡಿ, ಅದರ ಹಿಂದ ಬರೇ ಒಂದು ಇಟ್ಟಂಗಿ. ಅಲ್ಲಿಂದ ತೂತು ಹೊಡೀರಿ."

ಮನೀಷಾಗೆ ನಂಬಿಕೆಯಾಗಲಿಲ್ಲ. ಬೈಠಕ್‌ನ ಗೋಡೆಯಲ್ಲಿ ಗೂಡಿನಂತಿದ್ದ ಆ ಮಾಡ ಮಸಿ ಹಿಡಿದು ಕಪ್ಪಾಗಿತ್ತು. ಅತ್ತೆ ಈ ಮನೆಗೆ ಬಂದಾಗಿನಿಂದ ದೀಪ ಅಲ್ಲೇ. "ಮತ್ತ ದೀಪ, ಅತ್ತಿ?"

"ಮುಂದಿನ ಹೊಸ್ತಿಲ ಬಾಜೂಕ ಇಡ್ತೀನಿ. ಬರೋ ಲಕ್ಷ್ಮಿಗೆ ಇನ್ನಷ್ಟು ಛಲೋ ಕಾಣತದ. ನಿಮ್ಮ ಮಾವನ ಫಿಕರ್ ನೀ ಮಾಡಬ್ಯಾಡ, ಆ ಕೆಲಸ ನಂದು."

ಅವರು ಗಂಡನಿಗೆ ಏನು ಹೇಳಿದರೋ ಮನೀಷಾಗೆ ಕೊನೆಗೂ ತಿಳಿಯಲಿಲ್ಲ. ಮರುದಿನ ಮುಂಜಾನೆ ಗುರುನಾಥ ಮಾಡದೊಳಗೆ ತೂತು ಕೊರೆದ. ಕೆಂಪು ಪುಡಿ ಜೋಳದ ಚೀಲಗಳ ಮೇಲೆ ಉದುರಿತು. ಹೊಸ ತಂತಿ ಮೋಡೆಮ್‌ನಿಂದ ಎದ್ದು, ಮಸಿಯ ಕಪ್ಪನ್ನು ಹಾಯ್ದು, ನೇರವಾಗಿ ಅವಳ ಮೇಜಿಗೆ ಬಂತು. ತೂತು ತಂತಿಗಿಂತ ತುಸು ದೊಡ್ಡದೇ ಆಗಿತ್ತು. ಅದರಿಂದ ಬೈಠಕ್‌ನ ಕೆಮ್ಮು, ನಗೆ, ಬಟ್ಟಲುಗಳ ಸದ್ದು ಎಲ್ಲ ಒಳಗೆ ಬರುತ್ತಿತ್ತು.

ಸಂಜೆ ಅತ್ತೆ ಹಿತ್ತಿಲ ಬಾಗಿಲು ಧಡ್ ಎಂದು ಹಾಕಿದರು. ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮೂಡಲಿಲ್ಲ. ಮನೀಷಾ ಉಸಿರು ಬಿಟ್ಟು ಬೆರಳು ಹೂಡಿದಳು. ಶನಿವಾರಕ್ಕೆ ಒಂದೇ ರಾತ್ರಿ ನಡುವೆ ಇತ್ತು, ಉದ್ದನೆಯದೊಂದು ಲೇಖನ ಇನ್ನೂ ಬಾಕಿ. ವಾಕ್ಯ ಅರ್ಧಕ್ಕೆ ಬಂದಿದ್ದಾಗ ತೂತಿನಿಂದ ಮಾವನ ದನಿ ಕೇಳಿತು.

"ಮನೀಷಾ, ಇವತ್ತ ತೊಗರಿ ಏನದ ನೋಡವಾ."

ಕೈ ಅಭ್ಯಾಸದಂತೆ ನಿಂತಿತು. ಎದ್ದು ನಿಲ್ಲಲು ಕಾಲು ನೆಲಕ್ಕೂರಿತು. ವಾಕ್ಯ ಅರ್ಧಕ್ಕೇ ಇತ್ತು. ಅವಳು ಏಳಲಿಲ್ಲ.

"ಜರಾ ತಡೀರಿ ಮಾಮಾ. ಕೆಲಸ ಮಾಡಾಕತ್ತೀನಿ."

ಬೈಠಕ್‌ನಲ್ಲಿ ಬಟ್ಟಲುಗಳ ಸದ್ದು ನಿಂತಿತು. ಆ ಮನೆಯ ಸೊಸೆಯ ದನಿಯನ್ನು ಅಲ್ಲಿ ಕೂತವರು ಕೇಳಿದ್ದು ಅದೇ ಮೊದಲು. ಕೊಹಿನೂರಿನ ಜ್ಞಾನೇಶ್ವರ ದಲಾಲ ಕಿಸಕ್ಕನೆ ನಕ್ಕದ್ದು ತೂತಿನಿಂದ ಸ್ಪಷ್ಟವಾಗಿ ಬಂತು.

"ಏನ್ ವೀರಭದ್ರಪ್ಪಾ, ಸೊಸಿ ನಿಮಗೇ ತಡಿ ಅಂದಳಲ್ಲ!"

ಮನೀಷಾ ಬೆರಳುಗಳನ್ನು ಅಂಗೈಯೊಳಗೆ ಮಡಚಿ ಹಿಡಿದಳು. ಮಂಚ ಕಿರುಗುಟ್ಟಿತು.

"ಅಂದಳು. ಕೆಲಸ ಮಾಡಾಕತ್ತಾಳ, ತಡಿ. ನಿನ್ನ ತೊಗರಿ ಏನು ಓಡಿ ಹೋಗತದೇನು? ಚಾ ಕುಡಿ."

ಅದರಲ್ಲಿ ಸಿಟ್ಟಿತ್ತೋ ಇರಲಿಲ್ಲವೋ, ದಪ್ಪ ಗೋಡೆಯ ಈಚೆಗೆ ತಿಳಿಯಲಿಲ್ಲ. ನಾಳೆ ತಿಳಿದೀತು. ಅವಳು ನಿರ್ಧರಿಸುವ ಮೊದಲೇ ಬೆರಳುಗಳು ಬಿಚ್ಚಿಕೊಂಡು ಓಡತೊಡಗಿದ್ದವು. ವಾಕ್ಯ ಮುಗಿಸಿ, ಚುಕ್ಕಿ ಇಟ್ಟು, ಆಮೇಲೆ ರೇಟಿನ ಪುಟ ತೆರೆದು, ಮನೀಷಾ ಕೂತಲ್ಲಿಂದಲೇ ಗಟ್ಟಿಯಾಗಿ ಓದಿದಳು.