ವಸ್ತಾದರು ಒರೆಸದ ಮಣ್ಣು

ಹೋದ ವಾರ ಮಗಳು ಭುಜ ಉಳುಕಿಸಿಕೊಂಡು ಮನೆಗೆ ಬಂದಳು. ವಿದ್ಯಾನಗರದಲ್ಲಿ ಹೊಸದಾಗಿ ಶುರುವಾದ ಜಿಮ್ಮಿಗೆ ಕೆಲವು ತಿಂಗಳಿಂದ ಹೋಗುತ್ತಿದ್ದಾಳೆ. ಲಾರಿಯ ಟೈರು ಉರುಳಿಸುವುದು, ದಪ್ಪ ಹಗ್ಗ ಹಿಡಿದು ನೆಲಕ್ಕೆ ಬಡಿಯುವುದು, ಕಬ್ಬಿಣ ಎತ್ತಿ ಧೊಪ್ಪನೆ ಬಿಡುವುದು... ಅದಕ್ಕೆ ಕ್ರಾಸ್‌ಫಿಟ್ ಅನ್ನುತ್ತಾರಂತೆ. ಅವಳ ಅವ್ವ ಎಳ್ಳೆಣ್ಣೆಗೆ ಅರಿಷಿಣ ಕಲಸಿ, ಚೂರು ಕರ್ಪೂರ ಪುಡಿ ಮಾಡಿ ಹಾಕಿ ಒಲೆಯ ಮೇಲಿಟ್ಟಳು. ಆ ವಾಸನೆ ಅಡುಗೆಮನೆಯಿಂದ ಹೊರಗೆ ಬಂದದ್ದೇ ತಡ, ನಾನು ಓದುತ್ತಿದ್ದ ಪತ್ರಿಕೆ ಮಡಚಿಟ್ಟೆ.

ಮಗಳಿಗೆ ನೋವಿಗಿಂತ ಖುಷಿಯೇ ಹೆಚ್ಚು. "ಅಲ್ಲಿ ಎಲ್ಲಾರಕಿಂತ ಕಡೀಕ ಮುಗಿಸಿದವರಿಗೂ ಎಲ್ಲಾರೂ ನಿಂತು ಚಪ್ಪಾಳಿ ತಟ್ತಾರಪ್ಪಾ. ನಾ ಹೊಸಾಕಿ ಅಂತ ನನಗ ಅನಿಸೇ ಇಲ್ಲ" ಎಂದಳು.

"ಛಲೋ ಆತು ಬಿಡವಾ" ಎಂದೆ. ಅಷ್ಟೇ ಎಂದೆ. ಚಪ್ಪಾಳೆ ತಟ್ಟುವ ಕೈಗಳು ಒಂದು ದಿನ ನಿನ್ನ ಹತ್ತಿರ ಏನಾದರೂ ಕೇಳುತ್ತವೆ, ಆಗ ನೋಡು ಎಂದು ಹೇಳಬೇಕೆನಿಸಿತ್ತು. ಮಗುವಿನ ಸಂತೋಷಕ್ಕೆ ಯಾಕೆ ಕಲ್ಲು ಹಾಕಬೇಕೆಂದು ಬಾಯಿ ಮುಚ್ಚಿಕೊಂಡೆ.

ತೊಂಬತ್ತರ ದಶಕದ ಆರಂಭ. ರೈಲ್ವೆಯಲ್ಲಿದ್ದ ಅಪ್ಪನಿಗೆ ಬಂಗಾರಪೇಟೆಯಿಂದ ಹುಬ್ಬಳ್ಳಿಗೆ ವರ್ಗವಾಗಿತ್ತು. ನಾನು ಆಗಷ್ಟೇ ಕಾಲೇಜಿಗೆ ಸೇರಿದ್ದೆ. ನಾನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನವರು 'ಏನ್ ಮಾಡ್ತಾ ಇದೀರಾ' ಎಂದು ಮೂಗಿನಲ್ಲಿ ರಾಗ ಎಳೆಯುತ್ತಿದ್ದರು. ನನಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅವರಿಗೆ ನಮ್ಮ ಮನೆಯ ಮುದ್ದೆ ಎಂದರೆ ನಗೆ. ಒಂದು ಮುಂಜಾನೆ ಯಾರ ಮುಖವೂ ನೋಡುವುದು ಬೇಡವೆಂದು ಸೈಕಲ್ ತುಳಿಯುತ್ತಾ ಕಮರಿಪೇಟೆಯ ಹಿಂದಿನ ಓಣಿಯೊಂದಕ್ಕೆ ಹೊಕ್ಕೆ. ಅಲ್ಲೊಂದು ತಗ್ಗು ಬಾಗಿಲಿನಿಂದ ಇದೇ ವಾಸನೆ ಬಂತು. ಎಣ್ಣೆ, ಅರಿಷಿಣ, ಕರ್ಪೂರ, ಮಜ್ಜಿಗೆ ಕುಡಿದ ಕೆಂಪು ಮಣ್ಣು... ಬಗ್ಗಿ ಇಣುಕಿದೆ. ಗರಡಿ ಮನೆ. ನನ್ನ ವಯಸ್ಸಿನ ಹುಡುಗರು ಲಂಗೋಟಿ ಕಟ್ಟಿ ದಂಡ ಹೊಡೆಯುತ್ತಿದ್ದರು.

ಕಟ್ಟೆಯ ಮೇಲೆ ಕೂತಿದ್ದವರು ವಸ್ತಾದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ಹಾಗನ್ನುತ್ತಾರೆ. ನೋಡಿ, 'ನಮ್ಮ ಕಡೆ' ಎಂದು ಬರೆದುಬಿಟ್ಟೆ. ಇರಲಿ. ಕುಸ್ತಿಯಲ್ಲಿ ನಜ್ಜಾಗಿ ಮುದುಡಿದ ಕಿವಿ, ಗಿರಣಿಯಲ್ಲಿ ಹತ್ತಿ ಅಂಡಿಗೆ ಹೊತ್ತು ಹೊತ್ತು ಅಗಲವಾದ ಹೆಗಲು, ನರೆತ ಮೀಸೆ.

"ಯಾ ಊರು?" ಎಂದರು.

"ಬಂಗಾರಪೇಟೆ ಸರ್."

"ಇಲ್ಲಿ ಸರ್ ಗಿರ್ ಯಾರೂ ಇಲ್ಲ. ಆ ಗುದ್ದಲಿ ತಗೋ. ಮಣ್ಣ ಅಗಿ."

ಆ ಗರಡಿಯಲ್ಲಿ ಹೊಸಬರು ಮೊದಲು ಕಣದ ಮಣ್ಣು ಅಗೆಯಬೇಕು. ಗಟ್ಟಿಯಾದ ಮಣ್ಣನ್ನು ಕೆದರಿ, ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಬೆರೆಸಿ, ಬಿದ್ದರೆ ಮೈ ಹರಿಯದಂತೆ ಹದ ಮಾಡಬೇಕು. ಅದು ತಿಂಗಳುಗಟ್ಟಲೆ. ನಾನು ಅಗೆದೆ. ಯಾರೂ ಮಾತಾಡಿಸುತ್ತಿರಲಿಲ್ಲ. ಹುಡುಗರೆಲ್ಲ ಜೋಡಿ ಜೋಡಿಯಾಗಿ ಒಬ್ಬರ ಬೆನ್ನಿಗೊಬ್ಬರು ಎಣ್ಣೆ ತಿಕ್ಕುವಾಗ ನಾನೊಬ್ಬ ಒಂಟಿ. ಸ್ವಂತ ಬೆನ್ನಿಗೆ ಸ್ವಂತ ಕೈ ಎಷ್ಟು ಮುಟ್ಟೀತು?

ಒಂದು ದಿನ ವಸ್ತಾದರು ಕಟ್ಟೆಯಿಂದ ಇಳಿದು ಬಂದರು. ಅಂಗೈಗೆ ಎಣ್ಣೆ ಸುರುವಿಕೊಂಡು ನನ್ನ ಬೆನ್ನಿಗೆ ತಿಕ್ಕಿದರು. ಉಸಿರು ಕಟ್ಟುವಂತೆ ತಿಕ್ಕಿದರು. "ಮೈಯಾಗ ಕಸುವು ಐತಿ. ತಲ್ಯಾಗ ಬರೇ ಹೊಟ್ಟ ತುಂಬೇತಿ" ಎಂದು ಬೈದರು. ಆಮೇಲೆ ದರ್ಜಿಯ ಮಗನೊಬ್ಬನನ್ನು ಕರೆದು, "ನಾಳಿಂದ ಇಂವ ನಿನ್ನ ಜೋಡಿ" ಎಂದರು. ಅಷ್ಟೇ. ಆ ದಿನ ಸೈಕಲ್ ತುಳಿದುಕೊಂಡು ಕ್ವಾರ್ಟರ್ಸಿಗೆ ಹೋಗುವಾಗ ನಾನು ಅತ್ತಿದ್ದೆ ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಅಲ್ಲಿಂದ ಮುಂದಿನ ವರ್ಷಗಳು ನನ್ನ ಬದುಕಿನ ಒಳ್ಳೆಯ ವರ್ಷಗಳು. ಒಂದೇ ಚರಿಗೆಯಲ್ಲಿ ಬಾದಾಮಿ ಹಾಲು ಕುಡಿದೆವು. ಹೋಳಿಯಲ್ಲಿ ಹಲಗೆ ಬಾರಿಸುತ್ತಾ ಓಣಿ ಓಣಿ ಸುತ್ತಿದೆವು. ಪಂಚಮಿಗೆ ಓಣಿಯ ಅವ್ವಂದಿರು ತಮ್ಮ ಮಕ್ಕಳಿಗೆ ಕೊಟ್ಟಷ್ಟೇ ಉಂಡಿಗಳನ್ನು ನನ್ನ ಕೈಗೂ ಹಾಕಿದರು. ಹುಡುಗರು ನನಗೆ 'ಬಂಗಾರ' ಎಂದು ಹೆಸರಿಟ್ಟರು. ನನ್ನ ಮಾತೇ ಬದಲಾಯಿತು. "ಅದೇನೋ ಅದು, ಐತಿ ಗೀತಿ ಅಂತ? ನೆಟ್ಟಗೆ ಮಾತಾಡೋ" ಎಂದು ನಮ್ಮಮ್ಮ ಗದರುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಕುಸ್ತಿಯೂ ಹತ್ತಿತ್ತು. ಸಣ್ಣಪುಟ್ಟ ಕಣಗಳಲ್ಲಿ ಗೆದ್ದು ಬಂದರೆ ವಸ್ತಾದರು ಹೊಗಳುತ್ತಿರಲಿಲ್ಲ, ಆದರೆ ಆ ದಿನ ಅವರ ಮೀಸೆ ಸ್ವಲ್ಪ ಮೇಲೇರಿರುತ್ತಿತ್ತು.

ಗರಡಿಯಲ್ಲಿ ಒಂದು ರಿವಾಜಿತ್ತು. ಗೆದ್ದವನನ್ನು ಜನ ಹೊರುತ್ತಾರೆ, ಗೆದ್ದ ಎತ್ತಿನ ಬಾಲ ಹಿಡಿಯಲು ಜನಕ್ಕೇನು ಬರವಿಲ್ಲ. ಆದರೆ ಸೋತವನ ಬೆನ್ನಿನ ಮಣ್ಣನ್ನು ವಸ್ತಾದರು ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ತಾವೇ ಒರೆಸುತ್ತಿದ್ದರು. ಎಲ್ಲರ ಎದುರಿಗೆ, ಕಣದ ಅಂಚಿನಲ್ಲೇ. ಹುಡುಗ ಸೋತಿದ್ದಾನೆ, ಆದರೆ ನಮ್ಮವನು ಎಂದು ಅದರ ಅರ್ಥ. ಅದಾದ ಮೇಲೆ ಗರಡಿಯಲ್ಲಿ ಯಾರೂ ಅವನನ್ನು ಹಂಗಿಸುವಂತಿರಲಿಲ್ಲ.

ಗರಡಿಯ ಜಾಗ ಅಮರಗೋಳದ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿಯಿದ್ದ ಒಬ್ಬ ಸಾಹುಕಾರರದು. ಅವರ ಅಪ್ಪನ ಕಾಲದಿಂದ ಬಿಟ್ಟುಕೊಟ್ಟದ್ದು, ಬರಿಯ ಬಾಯಿಮಾತಿನ ಮೇಲೆ ನಿಂತದ್ದು. ಸಾಹುಕಾರರ ಮಗನಿಗೆ ಒಮ್ಮೆ ಪೈಲ್ವಾನನಾಗುವ ಹುಚ್ಚು ಹಿಡಿಯಿತು. ಮನೆಗೇ ಕಲಿಸುವವರನ್ನು ಕರೆಸಿಕೊಂಡ. ಆ ವರ್ಷದ ಜಂಗಿ ನಿಕಾಲಿ ಕುಸ್ತಿಯಲ್ಲಿ, ಅಂದರೆ ಒಬ್ಬರ ಬೆನ್ನು ಮಣ್ಣಿಗೆ ಹತ್ತುವವರೆಗೂ ಬಿಡದ ಕುಸ್ತಿಯಲ್ಲಿ, ಅವನು ಇಳಿಯುವುದೆಂದಾಯಿತು. ಸಾಹುಕಾರರು ಗರಡಿಗೆ ಬಂದು ಗೋಡೆ, ಮಾಡು ಎಲ್ಲ ನೋಡಿದರು. ಜಾಗ ಭಾಳ ಛಲೋ ಐತಿ ಎಂದರು. ಹೋಗುವಾಗ, "ನಮ್ಮ ಹುಡುಗನ ಮೊದಲನೇ ಕಣ. ನೀವ ಎದುರಿನ ಜೋಡಿ ಹುಡುಕಿ ಕೊಡ್ರಿ ವಸ್ತಾದರ" ಎಂದರು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವರಿಗಿರಲಿಲ್ಲ.

ಮರುದಿನ ಸಾಮು ಮುಗಿದು ಎಲ್ಲರೂ ಹೋದ ಮೇಲೆ ವಸ್ತಾದರು ನನ್ನನ್ನು ನಿಲ್ಲಿಸಿಕೊಂಡರು. ಬಹಳ ಹೊತ್ತು ಕಣದ ಮಣ್ಣನ್ನೇ ಕಾಲಿನಿಂದ ಸಮ ಮಾಡುತ್ತಾ ನಿಂತಿದ್ದರು.

"ನೀ ಬೀಳಬೇಕ ತಮ್ಮಾ" ಎಂದರು.

ನನಗೆ ಅರ್ಥವಾಯಿತು. ಗರಡಿ ಉಳಿಯಬೇಕೆಂಬುದು ನನಗೂ ಗೊತ್ತು. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ನಾನ ಯಾಕ್ರಿ?"

"ನಮ್ಮ ಓಣಿ ಹುಡುಗರು ಬಿದ್ರ ನಾಳಿ ಓಣ್ಯಾಗ ಮಾರಿ ಎತ್ತಿ ಅಡ್ಡಾಡೂದು ಹೆಂಗ? ಅವರಿಗೆ ಹೆಣ್ಣ ಕೊಡಾವ್ರು ಯಾರು? ನಿಂದೇನ, ನೀ ಹೊರಗಿನಾಂವ. ಇವತ್ತ ಇರ್ತಿ, ನಾಳಿ ನಿಮ್ಮಪ್ಪಗ ವರ್ಗ ಆತಂದ್ರ ಹೋಗ್ತಿ."

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕಾಚಾರದಿಂದಲೂ ಅಲ್ಲ. ಮೆತ್ತಗೆ, ಇದರಲ್ಲಿ ನಿನಗೆ ನೋವಾಗುವಂಥದ್ದು ಏನಿದೆ ಎಂಬಂತೆ ಹೇಳಿದರು. ಅದೇ ನನ್ನನ್ನು ಸುಟ್ಟಿದ್ದು. ಬೀಳು ಎಂದು ಸುಮ್ಮನೆ ಆಜ್ಞೆ ಮಾಡಿದ್ದರೆ ನಗುತ್ತಾ ಬೀಳುತ್ತಿದ್ದೆ. ನೀನು ನನ್ನ ಗಟ್ಟಿ ಹುಡುಗ, ಅದಕ್ಕೆ ಕೇಳುತ್ತಿದ್ದೇನೆ ಎಂದು ಸುಳ್ಳೇ ಹೇಳಿದ್ದರೂ ಸಾಕಿತ್ತು. ಆಗಲಿ ಎಂದೆ. ಗುರುವಿಗೆ ಇಲ್ಲವೆನ್ನುವುದನ್ನು ಅವರು ಕಲಿಸಿರಲಿಲ್ಲ.

ಸೋಲುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಸಾಹುಕಾರರ ಮಗ ಮೈಗೆ ಅತ್ತರು ಹಚ್ಚಿಕೊಂಡು ಬಂದಿದ್ದ. ಕೈಯಲ್ಲಿ ಹಿಡಿತವಿಲ್ಲ, ಕಾಲಲ್ಲಿ ನಿಲುವಿಲ್ಲ. ಅವನ ಸೊಂಟಕ್ಕೆ ಕೈ ಹಾಕಿದ ತಕ್ಷಣ ನನ್ನ ಮೈ ತಾನಾಗಿ ಎತ್ತಲು ಹೊರಟಿತ್ತು, ಅದನ್ನು ತಡೆಯುವುದೇ ದೊಡ್ಡ ಕುಸ್ತಿ. ಕೆಡವಲು ಬಾರದವನ ಕೈಯಲ್ಲಿ ಬೀಳುವುದಾದರೂ ಹೇಗೆ? ಕೊನೆಗೆ ನಾನೇ ಅವನ ತೋಳೊಳಗೆ ಹೊಕ್ಕು, ನಾನೇ ತಿರುಗಿ, ಕಾಲು ಜಾರಿದಂತೆ ಮಾಡಿ ನಾನೇ ಮಲಗಿದೆ. ಹಲಗೆ ಭೋರಿಟ್ಟಿತು. ಜನ ಕಣಕ್ಕೆ ನುಗ್ಗಿದರು. ಅವನಿಗೆ ರುಮಾಲು ಸುತ್ತಿ ಹೆಗಲ ಮೇಲೆ ಎತ್ತಿದರು.

ನಾನು ಎದ್ದು ಕಣದ ಅಂಚಿಗೆ ಬಂದು ನಿಂತೆ. ಬೆನ್ನಿನ ತುಂಬ ಮಣ್ಣು. ವಸ್ತಾದರು ಬರುತ್ತಾರೆ, ಟವೆಲ್ಲಿನಿಂದ ಒರೆಸುತ್ತಾರೆ, ಅಷ್ಟಾದರೆ ಸಾಕು, ಎಲ್ಲವನ್ನೂ ನುಂಗಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಅವರು ಸಾಹುಕಾರರ ಪಕ್ಕದಲ್ಲಿ ಕೂತಿದ್ದರು. ವಸ್ತಾದರ ಹೆಗಲಿಗೆ ಶಾಲು ಬಿದ್ದಿತ್ತು. ನನ್ನ ಕಡೆ ನೋಡಲಿಲ್ಲ. ಮುಂದಿನ ಜೋಡಿ ಕಣಕ್ಕಿಳಿಯಿತು, ಅದರ ಮುಂದಿನದೂ ಇಳಿಯಿತು. ನಾನು ನಿಂತೇ ಇದ್ದೆ... ಬೆನ್ನಿನ ಮಣ್ಣು ಒಣಗಿ ಬಿರಿಯತೊಡಗಿತ್ತು. ಅಂಗಿಯನ್ನು ಅದರ ಮೇಲೇ ಹಾಕಿಕೊಂಡು ಮನೆಗೆ ಹೋದೆ.

ಮರುದಿನ ಗರಡಿಗೆ ಹೋದಾಗ ಹುಡುಗರ ನಾಲಿಗೆಗೆ ಲಗಾಮಿರಲಿಲ್ಲ. "ಬಂಗಾರ ಅಂತ ತಿಳದಿದ್ವಿ, ಹಿತ್ತಾಳಿ ಆತಲ್ಲೋ" ಎಂದನೊಬ್ಬ. "ಓಣಿ ಮರ್ಯಾದಿ ಹೊರಗಿನವರ ಕೈಯಾಗ ಕೊಟ್ರ ಹಿಂಗ" ಎಂದ ಇನ್ನೊಬ್ಬ. ನನ್ನ ಜೋಡಿ, ಆ ದರ್ಜಿಯ ಮಗ ಮಾತ್ರ ಎಣ್ಣೆಯ ಬಟ್ಟಲು ಹಿಡಿದು ಹತ್ತಿರ ಬಂದ. "ಖರೇ ಹೇಳಲೇ. ಅಂವ ನಿನ್ನ ಕೆಡವಾಂವಲ್ಲ. ಏನಾತು?"

ಬೇಕೆಂದೇ ಬಿದ್ದೆ ಎಂದರೆ ಯಾರು ನಂಬುತ್ತಾರೆ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದೇ ನನ್ನಂಥವರಿಗಾಗಿ. ನಾನು ಹೇಳುವ ಮಾತಲ್ಲ ಅದು. ಕಟ್ಟೆಯ ಮೇಲೆ ಕೂತಿದ್ದವರು ಹೇಳಬೇಕಾದ ಮಾತು. ನಾನು ಅವರನ್ನು ನೋಡಿದೆ. ನಮ್ಮ ಮಾತು ಅವರಿಗೆ ಕೇಳಿಸಿತ್ತು. ಊರಿಗೆಲ್ಲ ಸಾರಬೇಕಿರಲಿಲ್ಲ, ಜಾಗದ ಸಂಗತಿಯನ್ನು ಬಾಯಿಬಿಡಬೇಕಿರಲಿಲ್ಲ. 'ಅವನ ತಂಟೆಗೆ ಹೋಗಬ್ಯಾಡ್ರಿ' ಎಂದರೂ ಸಾಕಿತ್ತು.

"ಸೋಲು ಗೆಲುವು ಇದ್ದದ್ದ. ಮಾತ ಸಾಕು, ದಂಡ ಹೊಡೀರಿ" ಎಂದರು.

ನಾನು ಲಂಗೋಟಿಯನ್ನು ಗೂಟಕ್ಕೇ ಬಿಟ್ಟು ಹೊರಗೆ ಬಂದೆ. ಮತ್ತೆ ಆ ಬಾಗಿಲಿಗೆ ತಲೆ ಬಗ್ಗಿಸಲಿಲ್ಲ. ಕರೆಯಲು ಬರುತ್ತಾರೆಂದು ಕಾದೆ, ಸುಳ್ಳೇಕೆ ಹೇಳಲಿ. ರೈಲ್ವೆ ಕ್ವಾರ್ಟರ್ಸ್ ಏನು ಕಾಶಿಯಷ್ಟು ದೂರವೇ? ಜೋಡಿ ಒಮ್ಮೆ ಬಂದು ಹೋದ. ವಸ್ತಾದರು ಬರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಅಪ್ಪನಿಗೆ ವರ್ಗ ಆಗಲೇ ಇಲ್ಲ. ಇಲ್ಲೇ ನಿವೃತ್ತರಾದರು, ಇಲ್ಲೇ ತೀರಿಕೊಂಡರು. ನನಗೆ ಇಲ್ಲೇ ನೌಕರಿ, ಇಲ್ಲಿಯದೇ ಹೆಂಡತಿ. ಓಣಿಯಲ್ಲಿ ಮಾರಿ ಎತ್ತಿ ಅಡ್ಡಾಡಬೇಕಾಗಿದ್ದ ಆ ಹುಡುಗರು ಪುಣೆ, ಗೋವಾ ಎಂದು ದಿಕ್ಕಾಪಾಲಾದರು. ಊರಲ್ಲಿ ಉಳಿದವನು ಹೊರಗಿನವನು. ಗರಡಿಯಾದರೂ ಉಳಿಯಿತೇ? ಸಾಹುಕಾರರು ಇರುವವರೆಗೆ ಉಳಿಯಿತು. ಎರಡು ಸಾವಿರದ ಇಸವಿಯ ನಂತರ ಒಂದು ಬೇಸಿಗೆಯಲ್ಲಿ ಮಗ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಿದ. ಯಾರಿಗಾಗಿ ಬಿದ್ದೆನೋ ಅವನೇ. ಮನುಷ್ಯರನ್ನು ಕೆಡವಲು ಬಾರದಿದ್ದರೂ ಗೋಡೆ ಕೆಡವಲು ಅವನಿಗೆ ಬರುತ್ತಿತ್ತು.

ಅದಾಗಿ ಕೆಲವು ವರ್ಷಗಳ ಮೇಲೆ ಗರಡಿಯ ನನ್ನ ಹಳೆಯ ಜೋಡಿ ಫೋನ್ ಮಾಡಿದ. ವಸ್ತಾದರನ್ನು ವಿದ್ಯಾನಗರದ ಒಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಬಹಳ ದಿನ ಇಲ್ಲ ಎಂದ. ಹೋಗಬಾರದೆಂದುಕೊಂಡೇ ಹೋದೆ. ಆ ಅಗಲ ಹೆಗಲು ಹಾಸಿಗೆಯಲ್ಲಿ ಎಲ್ಲಿದೆಯೆಂದು ಹುಡುಕಬೇಕಾಯಿತು. ಮಗ, ಸೊಸೆ, ಓಣಿಯ ನಾಲ್ಕು ಮಂದಿ ಹಿರಿಯರು ಸುತ್ತ ನಿಂತಿದ್ದರು. ನನ್ನನ್ನು ಕಂಡೊಡನೆ ವಸ್ತಾದರ ಮುಖ ಅರಳಿತು. ಗುರುತು ಹಿಡಿದಿದ್ದರು. ಕೈ ಹಿಡಿದುಕೊಂಡರು.

"ಇಂವ ನಮ್ಮ ಹುಡುಗ" ಎಂದರು ಸೊಸೆಗೆ. "ಭಾಳ ಕಸುವಿನಾಂವ."

ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆನೆಂದು ಅವರಿಗೇನು ಗೊತ್ತು. ಇನ್ನೊಂದು ಮಾತು, ಇನ್ನೊಂದೇ ಮಾತು ಈ ಜನರ ಎದುರಿಗೆ ಆಡಿಬಿಡಲಿ ಎಂದು ಅವರ ತುಟಿಯನ್ನೇ ನೋಡುತ್ತಿದ್ದೆ.

ಆಡಿದರು. ನನ್ನ ಕೈಯನ್ನು ಮೆಲ್ಲಗೆ ತಟ್ಟುತ್ತಾ, ಸಮಾಧಾನ ಮಾಡುವವರಂತೆ ಆಡಿದರು. "ಸಾಹುಕಾರರ ಮಗನ ಜೋಡಿ ಕುಸ್ತಿಯಾಗ ಅವತ್ತ ನಿನ್ನ ಕಾಲ ಜಾರಿತು. ಇಲ್ಲಂದ್ರ ನೀ ಬೀಳಾಂವಲ್ಲ. ಇನ್ನೂ ಮನಸಿನ್ಯಾಗ ಇಟ್ಕೊಂಡಿ ಏನ? ಬಿಟ್ಟಬಿಡು ತಮ್ಮಾ."

ಸುತ್ತಲಿನವರು ಹೌದು ಹೌದು ಎಂದು ತಲೆಯಾಡಿಸಿದರು. ನಾನು ವಸ್ತಾದರ ಕಣ್ಣಲ್ಲಿ ಹುಡುಕಿದೆ. ಮರೆತು ಹೇಳಿದರೋ, ನೆನಪಿದ್ದೂ ಹೇಳಿದರೋ... ಅಲ್ಲಿ ಏನೂ ಕಾಣಲಿಲ್ಲ. ವರ್ಷಗಟ್ಟಲೆ ಹಾಗೇ ಹೇಳಿ ಹೇಳಿ ಅವರಿಗೂ ಅದೇ ನಿಜವಾಗಿರಬೇಕು. ನಾನು ತಂದಿದ್ದ ಹಣ್ಣನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಬಂದೆ. ಆ ವಾರವೇ ತೀರಿಕೊಂಡರು.

ಕ್ಷಮಿಸಿದ್ದೇನೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಬರೆಯಲಾರೆ. ಅವರಿಲ್ಲವೆಂಬ ದುಃಖ ನನಗಿದೆ, ಅದು ಶಿಷ್ಯನ ದುಃಖ ಮಾತ್ರ ಅಲ್ಲ. ನಾನು ಸೋತಿರಲಿಲ್ಲ ಎಂದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಈಗಲೂ ಊರಲ್ಲಿ ಹಳಬರು ಯಾರಾದರೂ ಸಿಕ್ಕರೆ ಆ ಕುಸ್ತಿಯ ಮಾತು ತೆಗೆಯುತ್ತಾರೆ. "ಅವತ್ತ ಏನಾಗಿತ್ತಪಾ ನಿನಗ?" ಎಂದು ಕೇಳುತ್ತಾರೆ.

ಕಾಲು ಜಾರಿತು ಎನ್ನುತ್ತೇನೆ.