ಕಟ್ಟದೆ ಬಿಟ್ಟ ಮೂರು ಕಂತು

ನನ್ನ ಹತ್ತಿರ ದುಡ್ಡಿತ್ತು. ಆದರೂ ಮೂರು ತಿಂಗಳು ಮನೆ ಸಾಲದ ಕಂತು ಕಟ್ಟಲಿಲ್ಲ — ಬೇರೆಯಾದ ಗಂಡನ ಹೆಸರು ಕೆಡಲಿ ಎಂದು. ಕೆಟ್ಟಿತು. ಅವರು ಬಂದು ಕೇಳಿದಾಗ ಸುಳ್ಳು ಹೇಳಿದೆ. ಐದು ವರ್ಷವಾಯಿತು, ಯಾರಿಗೂ ತಿಳಿಸಿಲ್ಲ.

ಚಿಂತೆ ಮಾಡುವುದರಲ್ಲಿ ನಾನು ನಿಪುಣೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬಂದು ನೋಡುವವಳು. ಬಟವಾಡಿಯ ಒಂದು ಶಾಲೆಯ ಆಫೀಸಿನಲ್ಲಿ ಫೀಸು ಕಟ್ಟಿಸಿಕೊಳ್ಳುವುದು ನನ್ನ ಕೆಲಸ. ಒಂದು ವಾರ ತಡವಾದರೆ ಅಪ್ಪಂದಿರಿಗೇ ಪಾಠ ಹೇಳುತ್ತೇನೆ. ಇಂಥವಳು ಬೇಕೆಂದೇ ಕಂತು ತಪ್ಪಿಸಿದಳು ಎಂದರೆ ಯಾರು ನಂಬುತ್ತಾರೆ? ಅದೇ ನನಗೆ ಅನುಕೂಲವಾಯಿತು.

ರುದ್ರೇಶ್ ಮತ್ತು ನಾನು ಇಬ್ಬರೂ ಒಪ್ಪಿಯೇ ಬೇರೆಯಾದೆವು. ಮಕ್ಕಳಿರಲಿಲ್ಲ, ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಶೆಟ್ಟಿಹಳ್ಳಿಯ ಮನೆ ನನಗೆ, ಅದರ ಸಾಲವೂ ನನ್ನದೇ ಎಂದು ಕೋರ್ಟಿನ ಕಾಗದದಲ್ಲಿ ಬರೆಸಿದೆವು. ಅವರು ಗುಬ್ಬಿ ತಾಲ್ಲೂಕಿನ ನಿಟ್ಟೂರಿಗೆ, ತಮ್ಮ ಊರಿಗೆ ಹೋಗಿ ಯಾರದೋ ಗೂಡ್ಸ್ ಗಾಡಿ ಓಡಿಸತೊಡಗಿದರು. ಕೋರ್ಟೇ ಹೇಳಿದ ಮೇಲೆ ಮುಗಿಯಿತು ಎಂದುಕೊಂಡೆವು. ಆದರೆ ಬ್ಯಾಂಕಿಗೆ ಆ ಕಾಗದದ ಹಂಗಿಲ್ಲ. ಸಾಲ ತೆಗೆಯುವಾಗ ಇಬ್ಬರೂ ರುಜು ಹಾಕಿದ್ದೆವು. ಆ ಫೈಲಿನಲ್ಲಿ ನಾವಿನ್ನೂ ಗಂಡ ಹೆಂಡತಿ.

ನಮ್ಮ ಮನೆಯಲ್ಲಿ ಮಂಗಳವಾರ, ಶುಕ್ರವಾರ ದುಡ್ಡು ಆಚೆ ಕೊಡುವುದಿಲ್ಲ. ಕಂತು ಪ್ರತಿ ಐದನೇ ತಾರೀಖು ತಾನಾಗಿಯೇ ಖಾತೆಯಿಂದ ಹೋಗುತ್ತಿತ್ತು. ಅದು ಶುಕ್ರವಾರ ಬಿದ್ದರೆ ನನಗೆ ದಿನವಿಡೀ ಎದೆ ಢವಢವ. ಒಬ್ಬಳೇ ಆದ ಮೇಲೆ ಆ ಏರ್ಪಾಟು ನಿಲ್ಲಿಸಿ, ವಾರ ನೋಡಿಕೊಂಡು ಮುಂಚೆಯೇ ನಾನೇ ಬಂದು ಕಟ್ಟುತ್ತೇನೆಂದು ಬರೆದುಕೊಟ್ಟೆ. “ಲಕ್ಷ್ಮಿಗೂ ರಜಾ ಕೊಡ್ತೀರಾ ಮೇಡಂ?” ಎಂದು ಕೌಂಟರಿನವರು ನಕ್ಕರು. ಒಂದು ವರ್ಷ ಒಂದು ದಿನವೂ ತಪ್ಪಲಿಲ್ಲ. ಆದರೆ ಕಟ್ಟುವುದೂ ಬಿಡುವುದೂ ನನ್ನ ಕೈಗೆ ಬಂದಿತ್ತು —

ಒಂದು ಮಧ್ಯಾಹ್ನ ಜೊತೆಯಲ್ಲಿ ಕೆಲಸ ಮಾಡುವ ಶೈಲಾ ಊಟದ ಡಬ್ಬಿ ಬಿಚ್ಚುತ್ತಾ ಅಂದಳು: “ರುದ್ರೇಶಣ್ಣ ಮದ್ವೆ ಆದ್ರಂತೆ ಕಣೇ. ಗುಬ್ಬಿ ಕಡೆಯೋಳಂತೆ.”

“ಒಳ್ಳೇದಾಯ್ತು ಬಿಡು,” ಎಂದು ಚಟ್ನಿ ಬಡಿಸಿಕೊಂಡೆ.

“ಆ ಸಾಲದಿಂದ ಅವ್ರ ಹೆಸ್ರು ತೆಗ್ಸಿದ್ಯಾ? ಜಂಟಿ ಸಾಲ ಕಣೇ. ನೀನು ಕಟ್ದೇ ಇದ್ರೆ ಅವ್ರ ಸ್ಕೋರೂ ಬೀಳುತ್ತೆ. ಆಮೇಲೆ ಅವ್ರಿಗೆ ಎಲ್ಲೂ ಸಾಲ ಹುಟ್ಟಲ್ಲ.”

ಅವಳು ಎಚ್ಚರಿಸಿದ್ದು. ನಾನು ಅದನ್ನು ಉಪಾಯವಾಗಿ ಕೇಳಿಸಿಕೊಂಡೆ.

ನನ್ನ ಹೆಸರೂ ಕೆಡುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲಕ್ಕೂ ಹೆದರುವವಳು ಅದೊಂದಕ್ಕೆ ಹೆದರಲಿಲ್ಲ — ಹೊಟ್ಟೆಯುರಿ ಅಷ್ಟಿತ್ತು. ಬ್ಯಾಂಕಿನವರು ರುದ್ರೇಶ್ ಹೆಸರಿಗೆ ಕಳಿಸಿದ ಪತ್ರಗಳೂ ಹಳೇ ವಿಳಾಸಕ್ಕೇ, ನನ್ನ ಮನೆಗೇ ಬಂದವು. ಹರಿಯಲಿಲ್ಲ, ಬ್ಯಾಂಕಿನ ಕಾಗದ ಹರಿದರೆ ಕೇಸಾದೀತೆಂಬ ದಿಗಿಲು. ರೇಷ್ಮೆ ಸೀರೆಗಳ ನಡುವೆ ತುರುಕಿಟ್ಟೆ. ಮೂರು ಕಂತು ಹೀಗೆ ಹೋಯಿತು. ಆಮೇಲೆ ಬ್ಯಾಂಕಿನಿಂದ ಫೋನ್ ಬಂತು, “ವಸೂಲಿಗೆ ನಮ್ಮವ್ರು ಮನೆ ಹತ್ರ ಬರ್ತಾರೆ” ಎಂದು. ಮಾರನೆಯ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮುಂಚೆ ಹೋಗಿ ನಿಂತು, ದಂಡ ಸಮೇತ ಎಲ್ಲ ಕಟ್ಟಿದೆ. ಅಂದು ಶುಕ್ರವಾರ. ನನ್ನನ್ನು ಓಡಿಸಿದ್ದು ಪಶ್ಚಾತ್ತಾಪವಲ್ಲ, ಎದುರುಮನೆಯವರು ನೋಡುತ್ತಾರೆಂಬ ಭಯ.

ಕೆಲವು ತಿಂಗಳಿಗೆ ರುದ್ರೇಶ್ ಬಂದರು. ಗೇಟಿನ ಆಚೆಯೇ ನಿಂತರು.

“ಗಿರಿಜಾ, ಈ ಮನೆ ಕಂತು ಏನಾರ ನಿಂತಿತ್ತಾ? ಕುಣಿಗಲ್‌ನಲ್ಲಿ ಒಂದು ಗಾಡಿಗೆ ಅಡ್ವಾನ್ಸ್ ಕೊಟ್ಟಿದೀನಿ. ಫೈನಾನ್ಸ್‌ನೋರು ನನ್ ಹೆಸ್ರಲ್ಲಿ ಹಿಂದೆ ಕಂತು ತಪ್ಪಿರೋದು ತೋರಿಸ್ತಾ ಅದೆ, ಸಾಲ ಕೊಡಲ್ಲ ಅಂತಾವ್ರೆ. ಯಾವ ಸಾಲದ್ದು ಅಂತ ಹೇಳ್ತಾ ಇಲ್ಲ.”

“ನಾನು ಒಂದು ಕಂತೂ ತಪ್ಸಿಲ್ಲ ಕಣ್ರೀ,” ಎಂದೆ. “ನಿಮ್ದೇ ಬೇರೆ ಏನಾದ್ರೂ ಇರ್ಬೇಕು, ನೋಡ್ಕೊಳ್ಳಿ.”

ನನ್ನ ಮುಖವನ್ನೊಮ್ಮೆ ನೋಡಿ, ತಲೆಯಾಡಿಸಿ ಹೋದರು. ಕುಣಿಗಲ್‌ನವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲವೆಂದು ಆಮೇಲೆ ಕೇಳಿದೆ. ಸ್ವಂತ ಗಾಡಿಗೆಂದು ಅವರು ಎಷ್ಟು ವರ್ಷ ಕೂಡಿಟ್ಟಿದ್ದರೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು —

ಕಳೆದ ತಿಂಗಳು, ಕಷ್ಟಕಾಲಕ್ಕೆಂದು ಇಟ್ಟಿದ್ದ ಠೇವಣಿ ಮುರಿದು ಸಾಲ ತೀರಿಸಿದೆ. ಇನ್ನಾದರೂ ಅವರ ಹೆಸರು ಬಿಡುಗಡೆಯಾಗಲಿ ಎಂದು. ಮನೆ ಪತ್ರ ವಾಪಸ್ ಪಡೆಯಲು ಇಬ್ಬರೂ ಬರಬೇಕೆಂದರು. ರುದ್ರೇಶ್ ಆ ದಿನದ ಗಾಡಿ ಬಾಡಿಗೆ ಕೈಬಿಟ್ಟು ಬಂದು ರುಜು ಹಾಕಿದರು. ಅವರು ಬರುವ ಮುಂಚೆಯೇ ನಾನು ಅಧಿಕಾರಿಯನ್ನು ಮೆಲ್ಲಗೆ ಕೇಳಿದ್ದೆ, ಆ ಮೂರು ತಿಂಗಳದ್ದನ್ನು ದಾಖಲೆಯಿಂದ ತೆಗೆಸಬಹುದೇ ಎಂದು. “ತಪ್ಪಾಗಿ ಬರ್ದಿದ್ರೆ ತಿದ್ದಿಸ್ಬಹುದಿತ್ತು ಮೇಡಂ. ನಿಜವಾಗ್ಲೂ ಕಟ್ಟಿಲ್ವಲ್ಲ,” ಎಂದರು ಅವರು.

ಆಚೆ ಬಂದ ಮೇಲೆ ರುದ್ರೇಶ್ ಕಾಫಿ ಕೊಡಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಈಗಲೂ ಬೇರೆಯವರ ಗಾಡಿಯೇ.

“ಆವತ್ತು ಫೈನಾನ್ಸ್‌ನೋರ ಹತ್ರ ಜಗಳಾನೇ ಆಡ್ಬುಟ್ಟೆ ಕಣೇ,” ಎಂದು ನಕ್ಕರು. “‘ಅವ್ಳು ಕರೆಂಟ್ ಬಿಲ್ಲೂ ದಿನ ಮುಂಚೇನೇ ಕಟ್ಟೋಳು, ಅವ್ಳು ತಪ್ಸೋ ಪೈಕಿ ಅಲ್ಲ’ ಅಂದೆ. ನಂದೇ ಏನೋ ಎಡವಟ್ಟು ಆಗಿರ್ಬೇಕು. ಎಷ್ಟು ಯೋಚ್ನೆ ಮಾಡಿದ್ರೂ ಏನು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಸಾಲ ಕೇಳೋದೇ ಬುಟ್ಟೆ.”

ನಾನು ಬಾಯಿ ತೆರೆದೆ. “ಕಾಫಿ ಆರ್ತಾ ಇದೆ, ಕುಡೀರಿ,” ಎಂದೆ.

ನಾನು ಕಟ್ಟಲಾರದವಳಾಗಿರಲಿಲ್ಲ, ತಿಳಿಯದವಳೂ ಆಗಿರಲಿಲ್ಲ. ಅವರ ಬದುಕಿನ ಒಂದು ಬಾಗಿಲು ಮುಚ್ಚಿದೆ, ಆಮೇಲೆ ಅದನ್ನು ಅವರೇ ಮುಚ್ಚಿಕೊಂಡರೆಂದು ನಂಬಿಸಿದೆ. ಕುಣಿಗಲ್‌ನಲ್ಲಿ ಹೋದ ದುಡ್ಡನ್ನು ತುಂಬಿಕೊಡಬಲ್ಲೆ. ಅವರು ತಮ್ಮ ಮೇಲೆ ತಾವೇ ಅನುಮಾನಪಟ್ಟುಕೊಂಡ ಐದು ವರ್ಷವನ್ನು —

ಈ ಬರಹ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ನಿಟ್ಟೂರಿಗೆ ಹೋಗುತ್ತೇನೆ. ಬಾಗಿಲು ತೆಗೆಯುವವಳು ಬಹುಶಃ ಅವರ ಹೆಂಡತಿ. ಆಕೆ ಒಳಗೆ ಹೋಗದಂತೆ ಕೇಳಿಕೊಳ್ಳುತ್ತೇನೆ. ನಾನು ಕಸಿದುಕೊಂಡದ್ದು ಆಕೆಯಿಂದಲೂ ಹೌದು. ಕೂರಿ ಎಂದರೆ ಕೂರುವುದಿಲ್ಲ. ಕ್ಷಮಿಸಿ ಎಂದೂ ಮೊದಲೇ ಕೇಳುವುದಿಲ್ಲ, ಅದು ಅವರ ಮೇಲೆ ಇನ್ನೊಂದು ಹೊರೆ. ಇಬ್ಬರ ಮುಂದೆಯೂ ನಿಂತು ಇಷ್ಟು ಹೇಳುತ್ತೇನೆ: ನಿಮ್ಮಿಂದ ಯಾವ ಎಡವಟ್ಟೂ ಆಗಿರಲಿಲ್ಲ. ದುಡ್ಡಿಟ್ಟುಕೊಂಡು ಕಟ್ಟದೆ ಬಿಟ್ಟವಳು ನಾನು.