ವಸಂತಕ್ಕನ ದನಿಗೆ ನಾನು ಹಾಕಿದ ಕಾವಲು

ಮೂರು ವರ್ಷಗಳ ಹಿಂದಿನ ನವೆಂಬರ್. ಆಗ ನಾನು ‘ಫೋರ್ತ್ ಮೇನ್ ಬ್ಲೂಸ್’ ಎಂಬ ನಾಲ್ಕು ಜನರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ, ಈಗಲೂ ನುಡಿಸುತ್ತೇನೆ. ಜೊತೆಗೆ ಲೀಡರ್ ಎಂಬ ಪದವಿಯೂ ನನಗೇ ಅಂಟಿಕೊಂಡಿತ್ತು. ಲೀಡರ್ ಎಂದರೆ ದೊಡ್ಡದೇನಲ್ಲ. ಆಟೋ ಹಿಡಿಯುವುದು, ವೈರ್ ಸುತ್ತುವುದು, ಯಾವ ಹಾಡಾದ ಮೇಲೆ ಯಾವ ಹಾಡು ಎಂದು ಚೀಟಿ ಬರೆಯುವುದು, ಏನಾದರೂ ಕೆಟ್ಟರೆ ಎಲ್ಲರಿಂದ ಬೈಸಿಕೊಳ್ಳುವುದು. ನಮ್ಮ ಅಭ್ಯಾಸ ನಡೆಯುವುದು ವಿಜಯನಗರದಲ್ಲಿ, ನಮ್ಮ ಮನೆಯ ಮಹಡಿ ಮೇಲಿನ ಶೀಟ್ ಹೊದಿಸಿದ ಕೋಣೆಯಲ್ಲಿ. ಬ್ಯಾಂಡಿಗೆ ಹೆಸರಿಡಲು ಆರು ತಿಂಗಳು ಜಗಳವಾಡಿ, ಕೊನೆಗೆ ಸಾಕಾಗಿ ಮನೆ ಇರುವ ರಸ್ತೆಯ ಹೆಸರನ್ನೇ ಇಟ್ಟುಕೊಂಡೆವು.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ನಾನು ಆರ್ಕೆಸ್ಟ್ರಾಗಳಲ್ಲಿದ್ದವನು. ವಾರವೆಲ್ಲ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್, ರಜೆ ಬಂದರೆ ಮದುವೆ, ಗಣೇಶೋತ್ಸವ, ರಾಜ್ಯೋತ್ಸವ. ಆರ್ಕೆಸ್ಟ್ರಾದ ಧರ್ಮ ಒಂದೇ: ಸಿನಿಮಾದಲ್ಲಿ ಹೇಗಿದೆಯೋ ಹಾಗೇ ನುಡಿಸಬೇಕು. ಕೊಳಲು ಬರುವ ಕಡೆ ಕೊಳಲೇ ಬರಬೇಕು. ವೇದಿಕೆಯ ಮೇಲಿನವರು ಹಾಡುವವರು, ಕೆಳಗಿನವರು ಕೇಳುವವರು. ಈ ಗೆರೆ ನನ್ನ ರಕ್ತದಲ್ಲೇ ಇಳಿದಿತ್ತು ಎಂದರೂ ತಪ್ಪಿಲ್ಲ.

ಬ್ಲೂಸ್ ನಮಗೆ ಹತ್ತಿಸಿದವನು ಮೋಹನ್. ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು, ನಮ್ಮ ಲೀಡ್ ಗಿಟಾರಿಸ್ಟ್. ಅಮೆರಿಕದ ಕಪ್ಪು ಜನ ಹೊಲದಲ್ಲಿ, ದಾರಿಯಲ್ಲಿ, ಮನೆಯಲ್ಲಿ ತಮ್ಮ ಪಾಡನ್ನು ತಾವೇ ಹಾಡಿಕೊಂಡದ್ದರಿಂದ ಹುಟ್ಟಿದ ಸಂಗೀತ ಅದು. ಅದರ ಲೆಕ್ಕ ಬಹಳ ಸರಳ. ನಾಲ್ಕು ಎಣಿಕೆಗೆ ಒಂದು ಬಾರ್; ಅಂಥ ಹನ್ನೆರಡು ಬಾರ್ ಸೇರಿದರೆ ಒಂದು ಸುತ್ತು. ಒಂದು ಸುತ್ತಿಗೆ ಮೂರು ಸಾಲು, ಒಂದೊಂದು ಸಾಲಿಗೆ ನಾಲ್ಕು ಬಾರ್. ಹಾಡುವವರು ಮೊದಲ ಎರಡು ಬಾರಿನಲ್ಲಿ ಸಾಲು ಹಾಡಿ ನಿಲ್ಲುತ್ತಾರೆ. ಉಳಿದ ಎರಡು ಬಾರ್ ಖಾಲಿ, ಅಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಮೊದಲ ಸಾಲನ್ನೇ ಎರಡನೇ ಸಲವೂ ಹಾಡಿ, ಮೂರನೆಯದರಲ್ಲಿ ಮಾತು ಮುಗಿಸುತ್ತಾರೆ. ಇಷ್ಟೇ. ಇಷ್ಟನ್ನು ಸರಿಯಾಗಿ ನುಡಿಸಲು ನನಗೆ ಎರಡು ವರ್ಷ ಬೇಕಾಯಿತು. ಡ್ರಮ್ಸ್ ನುಡಿಸುವ ಇಮ್ರಾನ್ ಮಾತ್ರ ಮೊದಲ ದಿನವೇ ಹಿಡಿದುಬಿಟ್ಟ. ಬಾಪೂಜಿ ನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಬಡಿಯುವುದು ಅವನಿಗೆ ಹೊಸದಲ್ಲ.

ಇನ್ನು ವಸಂತಕ್ಕ. ಆರ್ಕೆಸ್ಟ್ರಾ ದಿನಗಳಿಂದ ಬಲ್ಲೆ. ಎತ್ತರದ ಸ್ವರದಲ್ಲಿ ಅವರು ನಿಂತರೆ ಮದುವೆ ಊಟದ ಪಂಕ್ತಿಯಲ್ಲಿ ಕೂತವರೂ ಕೈ ತಡೆದು ಕೇಳುತ್ತಿದ್ದರು, ನಾನೇ ನೋಡಿದ್ದೇನೆ. ಐವತ್ತೇಳನೇ ವಯಸ್ಸಿನಲ್ಲಿ ಥೈರಾಯ್ಡ್ ಆಪರೇಷನ್ ಆಯಿತು. ಒಂದು ಧ್ವನಿತಂತು ದುರ್ಬಲವಾಯಿತು. ಆರು ತಿಂಗಳ ಮೇಲೆ ಮಾತು ಬಂತು, ಆದರೆ ಬೇರೆಯೇ ದನಿ: ತಗ್ಗು, ಒರಟು, ಮಧ್ಯೆ ಮಧ್ಯೆ ಗಾಳಿ. ಆರ್ಕೆಸ್ಟ್ರಾದವರು ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಶುಕ್ರವಾರ ತಾವಿರುವ ಆರ್‌ಪಿಸಿ ಲೇಔಟಿನ ಭಜನೆಗೆ ಹೋಗಿ ಹೇಳಿಕೊಡುತ್ತಿದ್ದವರು ಅದನ್ನೂ ನಿಲ್ಲಿಸಿದರು. ಬ್ಲೂಸಿಗೆ ಒರಟು ದನಿ ಅಡ್ಡಿಯಲ್ಲ ಎಂದು ನಾನೂ ಮೋಹನನೂ ಅವರ ಮನೆಗೆ ಹೋಗಿ ಮೂರು ಸಲ ಕೇಳಿದ ಮೇಲೆ ಒಪ್ಪಿದರು. ಹಾಡುಗಳನ್ನು ಅವರೇ ಕಟ್ಟಿದರು. ನಮಗೆ ತಿಳಿದದ್ದನ್ನೇ ಹಾಡೋಣ ಎಂದು ಬಸ್ಸು, ಕುಕ್ಕರು, ಬಾರದ ನಲ್ಲಿ ನೀರು ಇವುಗಳ ಮೇಲೆಯೇ ಕಟ್ಟಿದರು. ಆ ಹೆಣ್ಣುಮಗಳ ಗಟ್ಟಿತನಕ್ಕೆ ಆಗಲೇ ಮನಸ್ಸಿನಲ್ಲಿ ಕೈಮುಗಿದಿದ್ದೆ.

ಆ ನವೆಂಬರಿನಲ್ಲಿ ಆರ್‌ಪಿಸಿ ಲೇಔಟಿನ ನಿವಾಸಿಗಳ ಸಂಘದವರು ತಮ್ಮ ಸಮುದಾಯ ಭವನದಲ್ಲಿ ಭಾನುವಾರ ಸಂಜೆ ಐದಕ್ಕೆ ಒಂದು ಗಂಟೆಯ ಕಾರ್ಯಕ್ರಮ ಕೊಡಲು ಕೇಳಿದರು. ವಸಂತಕ್ಕನ ಹೊಸ ದನಿ ಅವರದೇ ಬಡಾವಣೆಯ ಮುಂದೆ ಬರುವುದು ಅದೇ ಮೊದಲು. ಹಳೆಯ ದನಿಯನ್ನು ಬಲ್ಲವರೇ ಎದುರು ಕೂರುವವರು. ಅಭ್ಯಾಸ ಮುಗಿಸಿ ಮೆಟ್ಟಿಲಿಳಿಯುವಾಗ ಅವರು ನನ್ನನ್ನು ನಿಲ್ಲಿಸಿ ಹೇಳಿದರು:

“ನಾಗರಾಜ, ಅವ್ರ ಮುಂದೆ ದನಿ ಕೈಕೊಟ್ರೆ ಇನ್ನು ಮೈಕ್ ಮುಟ್ಟಲ್ಲ ಕಣೋ. ಆಮೇಲೆ ಬಂದು ಕರೀಬೇಡ.”

ಅವರದು ಬೆದರಿಕೆಯ ಮಾತಲ್ಲ. ಹೇಳಿದ್ದನ್ನು ಮಾಡುವ ಜನ. ನನಗೆ ಹೆದರಿಕೆ ಹತ್ತಿಕೊಂಡಿತು.

ಹೆದರಿದ ಎಲೆಕ್ಟ್ರಿಷಿಯನ್ ಎಲ್ಲ ಕಡೆ ಫ್ಯೂಸ್ ಹಾಕುತ್ತಾನೆ. ನಾನೂ ಹಾಕಿದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಹಾಡಬಾರದು ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ಅವರಿಗೆ ಹತ್ತು ನಿಮಿಷ, ಆಮೇಲೆ ಹತ್ತು ನಿಮಿಷ ಬರೀ ಗಿಟಾರ್ ಮತ್ತು ಡ್ರಮ್ಸ್ ಎಂದು ಗಡಿಯಾರ ಇಟ್ಟು ಪಟ್ಟಿ ಮಾಡಿದೆ. ನಡುವೆ ದನಿ ನಿಂತರೆ ಮೋಹನ್ ಗಿಟಾರಿನಲ್ಲಿ ಮುಂದುವರಿಸಬೇಕು, ವಸಂತಕ್ಕ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಎಲ್ಲಕ್ಕಿಂತ ಮುಖ್ಯ, ಸಭೆಯಲ್ಲಿ ಗದ್ದಲ ಇರಬಾರದು. ಗದ್ದಲವಿದ್ದರೆ ಹಾಡುವವರು ತಮಗೇ ಗೊತ್ತಿಲ್ಲದೆ ದನಿ ಏರಿಸುತ್ತಾರೆ, ಏರಿಸಿದರೆ ಆ ಗಂಟಲು ಹೋಯಿತು. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಲೆಕ್ಕ ಹಾಕಿದವನಲ್ಲಿ.

ಭಾನುವಾರ ಹಾಲ್ ತುಂಬಿತ್ತು, ಹೆಚ್ಚೆಂದರೆ ಎಂಬತ್ತು ಕುರ್ಚಿ. ನಮಗಿಂತ ಮೊದಲು ಭಜನಾ ಮಂಡಳಿಯವರ ಎರಡು ಹಾಡು ಇದ್ದವು. ಹಾಡಿ ಮುಗಿಸಿ ಆ ಹನ್ನೆರಡು ಹೆಂಗಸರು ಮುಂದಿನ ಸಾಲಿನಲ್ಲಿ ಕೂತರು. ತಾಳಗಳು ಮಡಿಲಲ್ಲೇ ಇದ್ದವು. ಅವರ ಮುಖ್ಯಸ್ಥೆ ಪದ್ಮಾವತಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್. ವಸಂತಕ್ಕನನ್ನು ನೋಡಿ ಒಮ್ಮೆ ತಲೆಯಾಡಿಸಿದರು. ವಸಂತಕ್ಕ ಮುಖ ತಗ್ಗಿಸಿ ಮೈಕಿನ ಎತ್ತರ ಸರಿಮಾಡುವವರ ಹಾಗೆ ನಟಿಸಿದರು.

ಮೊದಲ ಹಾಡು ಬಸ್ಸಿನದು.

“ಕಾಯ್ತಾ ಕೂತೆ ನಾನು, ಬಸ್ಸು ಬರಲೇ ಇಲ್ಲ” ಎಂದು ವಸಂತಕ್ಕ ಹಾಡಿ ನಿಲ್ಲಿಸಿದರು. ಮೋಹನ್ ಉತ್ತರ ಕೊಡಲು ತಂತಿಯ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಹನ್ನೆರಡು ದನಿ ಒಟ್ಟಿಗೇ ಎದ್ದವು: “ಕಾಯ್ತಾ ಕೂತೆ ನಾನು, ಬಸ್ಸು ಬರಲೇ ಇಲ್ಲ!” ಜೊತೆಗೆ ತಾಳ.

ಭಜನೆಯ ಪದ್ಧತಿಯೇ ಅದು. ಹೇಳಿಕೊಡುವವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ವಸಂತಕ್ಕ ನಿಲ್ಲಿಸಿದರು, ಅವರು ಹಾಡಿದರು. ಅವರ ಪಾಲಿಗೆ ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಎರಡನೇ ಸಾಲಿಗೂ ಹಾಗೇ ಮಾಡಿದರು. “ನಡೆದೇ ಹೋದೆ ಮನೆಗೆ, ಯಾರೂ ಕೇಳಲಿಲ್ಲ” ಎಂಬ ಮೂರನೆಯದಕ್ಕೂ ಹಾಗೇ. ಮೋಹನ್ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ.

ನಾನು ನಿಲ್ಲುವುದು ವಸಂತಕ್ಕನ ಹಿಂದೆ. ನನಗೆ ಕಾಣುವುದು ಅವರ ಬೆನ್ನು ಮಾತ್ರ. ಎರಡನೇ ಸುತ್ತಿನಲ್ಲಿ ಆ ಬೆನ್ನು ನೆಟ್ಟಗಾದದ್ದು ಕಂಡಿತು. ಆಯಿತು, ದನಿ ಏರಿಸುತ್ತಿದ್ದಾರೆ, ಗಂಟಲು ಹೋಯಿತು ಎಂದುಕೊಂಡೆ. ಆರ್ಕೆಸ್ಟ್ರಾದಲ್ಲಿ ಲೀಡರ್ ಮುಷ್ಟಿ ಎತ್ತಿದರೆ ಹಾಡು ಮುಗಿಸಿ ಎಂದರ್ಥ. ಮುಷ್ಟಿ ಎತ್ತಿದೆ. ಇಮ್ರಾನ್ ಹಾಡನ್ನು ಅಲ್ಲಿಗೇ ಮುಗಿಸಿದ. ನಾನು ಮೈಕಿನ ಹತ್ತಿರ ಹೋಗಿ, ಬಹಳ ಮರ್ಯಾದೆಯಿಂದ, “ದಯವಿಟ್ಟು ಯಾರೂ ಜೊತೆಯಲ್ಲಿ ಹಾಡಬೇಡಿ. ಗಾಯಕಿಗೆ ತೊಂದರೆಯಾಗುತ್ತದೆ. ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸಿ” ಎಂದೆ. ಪದ್ಮಾವತಮ್ಮ ತಾಳಗಳನ್ನು ಮೆಲ್ಲಗೆ ಸೆರಗಿನಡಿ ಇಟ್ಟುಕೊಂಡರು. ಹಾಲ್ ತೆಪ್ಪಗಾಯಿತು. ನಾನು ಬೇಕೆಂದದ್ದು ಅದನ್ನೇ.

ಎರಡನೇ ಹಾಡು ಕುಕ್ಕರಿನದು. “ಮೂರು ಸಲ ಕೂಗ್ತು ಕುಕ್ಕರು, ಆರ್ಸೋರೇ ಇಲ್ಲ.” ಮೊದಲ ಸಲ ಸರಿಯಾಗಿ ಬಂತು. ಎರಡನೇ ಸಲ “ಕುಕ್ಕರು” ಎಂಬಲ್ಲಿ ದನಿ ಜಾರಿ ಬರೀ ಗಾಳಿ ಬಂತು. ತುಟಿ ಆಡುತ್ತಿತ್ತು, ಸ್ಪೀಕರಿನಲ್ಲಿ ಉಸಿರು ಮಾತ್ರ. ನಮ್ಮ ಏರ್ಪಾಡಿನಂತೆ ಮೋಹನ್ ಕೂಡಲೇ ಗಿಟಾರಿನಲ್ಲಿ ಮುಂದುವರಿಸಿದ. ನಾನು ಕುರ್ಚಿಯ ಕಡೆ ಕಣ್ಣಲ್ಲೇ ತೋರಿಸಿದೆ. ವಸಂತಕ್ಕ ಕೂರಲಿಲ್ಲ. ಮೈಕ್ ಹಿಡಿದು ನಿಂತೇ ಇದ್ದರು. ಒಂದು ಸುತ್ತು ಕಳೆಯಿತು, ಇನ್ನೊಂದು ಕಳೆಯಿತು. ಯಾರೂ ಕೆಮ್ಮಲೂ ಇಲ್ಲ. ಪದ್ಮಾವತಮ್ಮನ ತುಟಿ ಅಲುಗುತ್ತಿತ್ತು, ಕಣ್ಣು ನನ್ನ ಮೇಲಿತ್ತು. ಹೇಳಿದ ಮಾತು ಮೀರದ ಶಿಸ್ತಿನ ಹೆಂಗಸು. ನಾನು ಬೇಡ ಎಂದಿದ್ದೆ, ಅವರು ಹಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಶಾಂತವಾದ ಸಭೆ ನನಗೆ ಸಿಕ್ಕಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.

ವಸಂತಕ್ಕ ತಿರುಗಿ ನನ್ನ ಹತ್ತಿರ ಬಂದರು. ಅಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂದಿತ್ತು.

“ಅವ್ರಿಗೆ ಹಾಡಕ್ಕೆ ಹೇಳು,” ಎಂದರು ಪಿಸುದನಿಯಲ್ಲಿ.

“ಅಕ್ಕ, ನಿಮ್ ಗಂಟ್ಲು...”

“ನನ್ ಗಂಟ್ಲು ನಂದು. ಅವ್ರ ಬಾಯಿ ಕಟ್ಟಿರೋನು ನೀನು, ನೀನೇ ಬಿಚ್ಚು.”

ಲೀಡರ್ ಕೆಲಸದಲ್ಲಿ ಬೈಸಿಕೊಳ್ಳುವುದೂ ಸೇರಿದೆ ಎಂದೆನಲ್ಲ, ಅದನ್ನು ಮೈಕಿನಲ್ಲೇ ಮಾಡಿಕೊಂಡೆ. “ಆಗ ನಾನು ಹೇಳಿದ್ದು ತಪ್ಪಾಯಿತು. ನೀವು ಹಾಡಬೇಕು. ಅಕ್ಕ ಹೇಳಿಕೊಡ್ತಾರೆ,” ಎಂದೆ. ಪದ್ಮಾವತಮ್ಮ ಎದ್ದು ನಿಂತರು.

“ಮೊದ್ಲೇ ಹೇಳ್ಬಾರ್ದಾ ಸಾರ್? ನಾವೇನೋ ದೊಡ್ಡ ತಪ್ಪು ಮಾಡಿದ್ವಿ ಅಂದ್ಕೊಂಡ್ವಿ!”

ಹಾಲ್ ನಕ್ಕಿತು. ತಾಳಗಳು ಸೆರಗಿನಡಿಯಿಂದ ಹೊರಗೆ ಬಂದವು.

ವಸಂತಕ್ಕ ಈ ಸಲ ಹಾಡಲೇ ಇಲ್ಲ ಎನ್ನಬೇಕು. ಇದ್ದಷ್ಟು ಉಸಿರಿನಲ್ಲಿ, ಪಕ್ಕದ ಮನೆಯವರಿಗೆ ದೂರು ಹೇಳುವ ಧಾಟಿಯಲ್ಲಿ, “ಮೂರು ಸಲ ಕೂಗ್ತು ಕುಕ್ಕರು, ಆರ್ಸೋರೇ ಇಲ್ಲ” ಎಂದು ಎಣಿಕೆಗೆ ಸರಿಯಾಗಿ ಮಾತು ಇಟ್ಟರು. ಹನ್ನೆರಡು ಹೆಂಗಸರು ಅದಕ್ಕೆ ರಾಗ ತುಂಬಿ ವಾಪಸ್ ಕೊಟ್ಟರು. “ಮನೆ ತುಂಬ ಜನ ಇದಾರೆ, ಏಳೋರೇ ಇಲ್ಲ” ಎಂದಾಗ ಹಿಂದಿನ ಸಾಲಿನ ಹೆಂಗಸರೂ ಸೇರಿಕೊಂಡರು, ಗಂಡಸರು ತಲೆ ತಗ್ಗಿಸಿ ನಕ್ಕರು. ಆಗ ನಾನು ತಂತಿಯ ಮೇಲೆ ಎಣಿಕೆ ಹಾಕುತ್ತಿದ್ದ ನನ್ನ ಬೆರಳುಗಳನ್ನು ಗಮನಿಸಿದೆ. ಎಣಿಕೆ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎರಡು ಬಾರ್ ವಸಂತಕ್ಕನದು, ಎರಡು ಬಾರ್ ಅವರದು. ಮೊದಲ ಹಾಡಿನಲ್ಲೂ ಅವರು ಹೀಗೇ ಕರಾರುವಾಕ್ಕಾಗಿ ಬಂದಿದ್ದರು. ನಾನು ಗದ್ದಲ ಕೇಳಿಸಿಕೊಂಡೆ, ಲೆಕ್ಕ ಕೇಳಿಸಿಕೊಳ್ಳಲಿಲ್ಲ.

ಇಮ್ರಾನ್ ಕೋಲು ಕೆಳಗಿಟ್ಟು ಬರಿಗೈಯಲ್ಲಿ ಡ್ರಮ್ಮಿನ ಮೇಲೆ ತಾಳಕ್ಕೆ ಜೊತೆಯಾದ. “ಅಣ್ಣ, ಆಂಟಿಗಳು ಕರೆಕ್ಟಾಗಿ ಬೀಳ್ತಾ ಇದಾರೆ!” ಎಂದು ನನ್ನ ಕಡೆ ಕೂಗಿದ. ಮೋಹನನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಎರಡು ಖಾಲಿ ಬಾರ್ ಗಿಟಾರಿಸ್ಟನ ಆಸ್ತಿ. ಅದಕ್ಕಾಗಿ ಅವನು ತಿಂಗಳುಗಟ್ಟಲೆ ಬೆವರು ಸುರಿಸಿದ್ದ. ಅಷ್ಟನ್ನೂ ಬಿಟ್ಟುಕೊಟ್ಟು ಒಂದು ಇಡೀ ಸುತ್ತು ಕೈಕಟ್ಟಿ ಕೇಳಿದ. ಆಮೇಲೆ ಹೆಂಗಸರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಎರಡೇ ಎರಡು ಸ್ವರ ಇಟ್ಟ. ಅವನು ನುಡಿಸಿದ್ದರಲ್ಲೆಲ್ಲ ನನಗೆ ಇಂದಿಗೂ ನೆನಪಿರುವುದು ಆ ಎರಡು ಸ್ವರ.

ನನ್ನ ಹತ್ತು ನಿಮಿಷದ ಪಟ್ಟಿ ಜೇಬಿನಲ್ಲೇ ಉಳಿಯಿತು. ಆರು ಗಂಟೆಯವರೆಗೂ ವಸಂತಕ್ಕ ಮೈಕ್ ಬಿಡಲಿಲ್ಲ. ರಾಗದ ಭಾರ ಹೊರಲು ಅಷ್ಟು ಜನ ಇದ್ದುದರಿಂದ ಅವರು ಮಾತು ಕೊಟ್ಟರೆ ಸಾಕಿತ್ತು. ಮಧ್ಯೆ ಎರಡು ಕಡೆ ದನಿ ಮತ್ತೆ ಹೋಯಿತು. ಯಾರೂ ಗಾಬರಿಯಾಗಲಿಲ್ಲ; ಹಿಂದಿನ ಸಾಲನ್ನೇ ಇನ್ನೊಂದು ಸಲ ಹಾಡಿ, ದನಿ ತಿರುಗಿ ಬರುವವರೆಗೆ ಕಾದರು. ಕೊನೆಗೆ ವಸಂತಕ್ಕ ಬಸ್ಸಿನ ಹಾಡನ್ನು ಮತ್ತೆ ಎತ್ತಿಕೊಂಡು, ಅಲ್ಲೇ ಹೊಸ ಸಾಲು ಕಟ್ಟಿ ಕಂಡಕ್ಟರನನ್ನೂ ಬೈದರು. ಆಗ ಆ ಹಾಲಿನಲ್ಲಿ ಇದ್ದ ಖುಷಿಯನ್ನು ಅಳೆಯಲು ನನ್ನ ಬಳಿ ಮೀಟರ್ ಇಲ್ಲ.

ವೈರ್ ಸುತ್ತುವಾಗ ಮೋಹನ್ ಹೇಳಿದ, ಮೊದಲ ಹಾಡಿಗೆ ಹೆಂಗಸರು ದನಿಗೂಡಿಸಿದಾಗ ವಸಂತಕ್ಕ ನಗುತ್ತಿದ್ದರಂತೆ. ಪಕ್ಕದಲ್ಲಿದ್ದ ಅವನಿಗೆ ಮುಖ ಕಂಡಿತ್ತು. ನಾನು ವೈರನ್ನು ಅಲ್ಲೇ ಬಿಟ್ಟು ಅವರ ಹತ್ತಿರ ಹೋದೆ. ಬಿಸಿನೀರು ಕುಡಿಯುತ್ತಾ ಕೂತಿದ್ದರು.

“ಅಕ್ಕ, ತಪ್ಪಾಯ್ತು. ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ...”

“ಗೊತ್ತು ಬಿಡೋ,” ಎಂದರು. ದನಿ ಪೂರ್ತಿ ಹೋಗಿತ್ತು, ಬಗ್ಗಿ ಕೇಳಬೇಕಾಯಿತು. “ಆಪರೇಷನ್ ಆದ್ಮೇಲೆ ಅರ್ಧ ಜನ ಹಾಡ್ಬೇಡ ಅಂದ್ರು. ಇನ್ನರ್ಧ ಜನ ಅಯ್ಯೋ ಪಾಪ ಅಂತ ಸುಮ್ನೆ ಕೂತು ಕೇಳಿದ್ರು. ನನ್ ಜೊತೆ ಹಾಡಿದ್ದು ಇವತ್ತೇ ಕಣೋ, ಮೊದಲ್ನೇ ಸಲ.”

ಈಗ ಎಲ್ಲೇ ಹೋದರೂ ಹಾಡುವ ಮೊದಲು ಸಭೆಗೆ ಸಾಲು ಹೇಳಿಕೊಡುತ್ತೇವೆ. ವಸಂತಕ್ಕ ಶುಕ್ರವಾರದ ಭಜನೆಗೂ ಹೋಗುತ್ತಿದ್ದಾರೆ. ಸಂಗೀತ ನನಗೆ ಕಲಿಸಿದ್ದು ಏನೆಂದು ಯಾರಾದರೂ ಕೇಳಿದರೆ ಆ ಭಾನುವಾರವನ್ನೇ ಹೇಳುತ್ತೇನೆ. ಆ ದನಿಯನ್ನು ಉಳಿಸಬೇಕೆಂದು ನಾನು ಹಾಕಿದ ಒಂದೊಂದು ಕಾವಲೂ ಆಕೆಯನ್ನು ಇನ್ನಷ್ಟು ಒಂಟಿ ಮಾಡಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ, ಆ ಹನ್ನೆರಡು ಹೆಂಗಸರು ಜೊತೆಗೆ ಹಾಡಿ ವಸಂತಕ್ಕನನ್ನು ಉಳಿಸಿಕೊಂಡಿದ್ದರು.